ಪರ್ಮಿಷನ್ ಕೊಟ್ಟಾಗಿತ್ತು, ರಾವೂರಕ್ಕೆ ತಲುಪಿರಲಿಲ್ಲ

ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. "ಮೇಡಂ, ಚಿಂಚೋಳಿ ಡಿಪೋದವ್ರಿಗೆ ಮೇಲ್‌ಬಾಕ್ಸ್ ಪರ್ಮಿಷನ್ ಕೊಟ್ಟೀನ್ರಿ. ಸ್ಕ್ರೀನ್ ಮ್ಯಾಲೆ ಸಕ್ಸೆಸ್ ಅಂತನೂ ಬಂದದ. ಅವ್ರು ಮಾತ್ರ ತೆರೀವಲ್ದು ತೆರೀವಲ್ದು ಅಂತ ಬೈಲಿಕತ್ತಾರ. ನಾ ಏನ್ ಮಾಡ್ಲಿ?"

"ಆ ಮೇಲ್ ಡಬ್ಬಿನ ಬ್ಯಾರೆ ಯಾರರೆ ತೆರದಿಟ್ಕೊಂಡು ಕುಂತಾರೇನು?" ಎಂದು ಕೇಳಿದೆ.

"ಅದ್ಯಾಕ ಕೇಳ್ತೀರಿ ಮೇಡಂ?" ಎಂದಳು.

ಯಾಕೆಂದು ಫೋನಿನಲ್ಲಿ ಹೇಳಿದರೆ ಅರ್ಧ ಮಾತ್ರ ಮುಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅವಳಿಗೂ, ಅವಳ ಹಾಗೆ ಸರ್ವರ್ ರೂಮಿನ ತಣ್ಣನೆಯ ಗಾಳಿಗೆ ಶಾಲು ಹೊದ್ದು ಕೂರಲಿರುವ ಉಳಿದ ಹುಡುಗ ಹುಡುಗಿಯರಿಗೂ. ನನಗೆ ಸಿಕ್ಕ ಪ್ರಮೋಷನ್ನುಗಳ ವಿಷಯ ಇದರಲ್ಲಿ ಇಲ್ಲ. ಅವು ಸರ್ವಿಸ್ ರಿಜಿಸ್ಟರಿನಲ್ಲಿವೆ, ಅಲ್ಲೇ ಇರಲಿ.

ನಾನು ಕಂಪ್ಯೂಟರ್ ಕಲಿತು ಬಂದವಳಲ್ಲ. ಅಪ್ಪ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿಯಲ್ಲಿದ್ದರು. ಮಗಳಿಗೆ ಇಂಗ್ಲಿಷ್ ಬರಲಿ ಎಂದು ನನ್ನನ್ನು ಕಾನ್ವೆಂಟಿಗೆ ಹಾಕಿ ಹಾಸ್ಟೆಲ್ಲಿನಲ್ಲಿ ಬಿಟ್ಟರು. ಆ ಇಂಗ್ಲಿಷ್ ನೋಡಿಯೇ ಸಿಮೆಂಟ್ ಕಾರ್ಖಾನೆಯವರು ನನ್ನನ್ನು ಟೆಲೆಕ್ಸ್ ಆಪರೇಟರ್ ಮಾಡಿಕೊಂಡರು. ಟೆಲೆಕ್ಸ್ ಹೋಗಿ ಫ್ಯಾಕ್ಸ್ ಬಂತು. ಫ್ಯಾಕ್ಸ್ ಹೋಗಿ ಈಮೇಲ್ ಬಂತು. ಪ್ರತಿ ಸಲವೂ, "ಮೇಡಮ್ಮಗ ಇಂಗ್ಲಿಷ್ ಬರ್ತದ" ಎಂಬ ಒಂದೇ ಕಾರಣಕ್ಕೆ ಹೊಸ ಯಂತ್ರವನ್ನು ಹೊತ್ತು ತಂದು ನನ್ನ ಟೇಬಲ್ಲಿನ ಮೇಲೆಯೇ ಇಟ್ಟರು. ಫ್ರಾಂಕ್ಲಿ, ಟೆಲೆಕ್ಸ್ ಯಂತ್ರದ ಟಕಟಕ ಇವತ್ತಿಗೂ ನೆನಪಾಗುತ್ತದೆ. ಅದು ಸದ್ದು ಮಾಡಿತೆಂದರೆ ಮಾತು ಆ ಕಡೆ ತಲುಪಿದೆ ಎಂದೇ ಅರ್ಥ. ಈಮೇಲ್ ಸರ್ವರ್ ಸದ್ದಿಲ್ಲದೆ "ಆಯಿತು" ಎನ್ನುತ್ತದೆ. ಎಲ್ಲಿ ಆಯಿತು, ಯಾರಿಗೆ ಆಯಿತು ಎಂದು ಹೇಳುವುದಿಲ್ಲ.

ನಮ್ಮದು ಎರಡು ಸರ್ವರಿನ ಸಂಸಾರ. ಒಂದು ವಾಡಿಯಲ್ಲಿ, ಇನ್ನೊಂದು ಸೇಡಂನಲ್ಲಿ. ಶಹಾಬಾದ್, ಚಿತ್ತಾಪುರ, ಚಿಂಚೋಳಿ ಕಚೇರಿಗಳೂ ರಾವೂರ ಕಡೆಯ ಸುಣ್ಣದಕಲ್ಲಿನ ಗಣಿಯೂ ಈ ಎರಡರ ಮೇಲೆ ಜೋತುಬಿದ್ದಿದ್ದವು. ಒಬ್ಬೊಬ್ಬರ ಸ್ವಂತ ಮೇಲ್‌ಬಾಕ್ಸ್ ಅಲ್ಲದೆ ವಿಭಾಗಕ್ಕೊಂದು ಸಾಮಾನ್ಯ ಮೇಲ್‌ಬಾಕ್ಸ್ ಇರುತ್ತಿತ್ತು. ಅದಕ್ಕೆ ನಮ್ಮವರು "ಡಬ್ಬಿ" ಎನ್ನುತ್ತಿದ್ದರು. ಯಾವ ಡಬ್ಬಿಯನ್ನು ಯಾರು ತೆರೆಯಬಹುದು, ಯಾರು ತೆರೆಯಬಾರದು ಎಂದು ಸರ್ವರ್‌ಗೆ ಹೇಳುವುದೇ ಪರ್ಮಿಷನ್. ಅದನ್ನು ಹೇಳುವವಳು ನಾನು.

ಹೇಳಿದ ಕೂಡಲೇ ಸರ್ವರ್ ಕೇಳುತ್ತದೆಯೇ? ಇಲ್ಲ. ನಮ್ಮ ಕಾರ್ಖಾನೆಯ ಗೇಟಿನ ವಾಚ್‌ಮನ್ನನನ್ನು ನೆನೆಯಿರಿ. ಆಫೀಸಿನಲ್ಲಿ ಹೊಸ ಹೆಸರು ಬರೆದುಕೊಂಡ ಮಾತ್ರಕ್ಕೆ ಅವನು ಬಿಡುವುದಿಲ್ಲ. ಮೊದಲು ಆ ಸುದ್ದಿ ಗೇಟಿಗೆ ಮುಟ್ಟಬೇಕು. ಮುಟ್ಟಿದರೂ ಜನ ಒಂದೇ ಸಮ ಒಳಗೆ ಹೊರಗೆ ಹೋಗುತ್ತಿದ್ದರೆ ಅವನು ಹೊಸ ಚೀಟಿ ನೋಡುವುದಿಲ್ಲ, ತಲೆಯಲ್ಲಿರುವ ಹಳೆಯ ಮುಖಗಳನ್ನೇ ನೆಚ್ಚುತ್ತಾನೆ. ಸರ್ವರ್ ಕೂಡ ಹಾಗೆಯೇ. ವಾಡಿಯಲ್ಲಿ ಮಾಡಿದ ಬದಲಾವಣೆ ಸೇಡಂ ಸರ್ವರ್‌ಗೆ ಹೋಗಿ ಸೇರಬೇಕು. ಸೇರಿದ ಮೇಲೂ ಅದು ತನ್ನ ನೆನಪಿನಲ್ಲಿಟ್ಟುಕೊಂಡ ಹಳೆಯ ಪಟ್ಟಿಯನ್ನು ಬಿಡಬೇಕು. ಇಷ್ಟಕ್ಕೆ ಕೆಲವೊಮ್ಮೆ ಚಹಾ ಕುಡಿಯುವಷ್ಟು ಹೊತ್ತು, ಕೆಲವೊಮ್ಮೆ ಅರ್ಧ ದಿನ. ಈ ಹೆಚ್ಚುಕಡಿಮೆ ಯಾಕೆಂದು ಬಹಳ ವರ್ಷ ನನಗೆ ತಿಳಿದಿರಲಿಲ್ಲ. ಸರ್ವರಿನ ಮೂಡು ಎಂದುಕೊಂಡು ಸುಮ್ಮನಿದ್ದೆ.

ಪರ್ಮಿಷನ್ ಕೊಟ್ಟಾಗ ಹೇಗೋ, ಕಿತ್ತುಕೊಂಡಾಗಲೂ ಹಾಗೆಯೇ ತಡ. ಶಹಾಬಾದ್ ಕಚೇರಿಯಲ್ಲಿ ಒಬ್ಬ ಮ್ಯಾನೇಜರ್, ಅವರ ಡಬ್ಬಿ ನೋಡಿಕೊಳ್ಳಲು ಕುಲಕರ್ಣಿ ಎಂಬ ಸಹಾಯಕ. ಇಬ್ಬರಿಗೂ ಏನೋ ಮಾತಿಗೆ ಮಾತು ಬೆಳೆಯಿತು. ಮ್ಯಾನೇಜರು ನನಗೆ ಫೋನ್ ಮಾಡಿ, "ಅವನ್ನ ಈಗಿಂದೀಗ ನನ್ನ ಮೇಲ್‌ನಿಂದ ತೆಗೀರಿ" ಎಂದರು. ತೆಗೆದೆ. "ಇವತ್ತೊಂದು ದಿನ ಗುಟ್ಟಿನದ್ದು ಏನೂ ಬರೀಬ್ಯಾಡ್ರಿ ಸರ್, ಪರ್ಮಿಷನ್ ಇಳಿಯಲಿಕ್ಕೆ ಟೈಮ್ ಹಿಡೀತದ" ಎಂದೂ ಹೇಳಿದೆ. ಅವರು ಕೇಳುವ ಗಿರಾಕಿಯಲ್ಲ. ಸ್ವಲ್ಪ ಹೊತ್ತಿಗೆ ಕುಲಕರ್ಣಿಯ ಫೋನು ಬಂತು.

"ಮೇಡಂ, ಸಾಹೇಬ್ರು ನನ್ನ ಚಿಂಚೋಳಿಗೆ ಒಗೀಲಿಕತ್ತಾರ. ಟ್ರಾನ್ಸ್‌ಫರ್ ಆರ್ಡರ್ ಡ್ರಾಫ್ಟ್‌ನಾಗ ಅದ, ಈಗ ಓದ್ದೆ."

"ನೀವು ಅದನ್ನ ಓದಬಾರದು ಕುಲಕರ್ಣಿಯವರೇ."

"ಓದಬಾರ್ದು ಖರೇ. ಆದ್ರ ನನ್ನ ತಂದಿ ಹೆಸರು ತಪ್ಪ ಬರದಾರ. ತಿದ್ದಿ ಇಡ್ಲೇನ್ರಿ?"

ನಗು ತಡೆಯಲಾಗಲಿಲ್ಲ. ಚಿಂಚೋಳಿಗೆ ಹೋದ ಮೇಲೂ ಆತ ಹಬ್ಬಕ್ಕೊಮ್ಮೆ ಫೋನ್ ಮಾಡಿ, "ಮೇಡಂ, ಈಗರೆ ಪೂರ್ತಿ ತೆಗೆದೀರೋ, ಇನ್ನೂ ನೋಡ್ಲ್ಯೋ?" ಎಂದು ಕಾಡುತ್ತಿದ್ದ.

ನನ್ನ ಮೇಲಿನ ಅಧಿಕಾರಿ ರಾವ್ ಸರ್. ಒಳ್ಳೆಯ ಮನುಷ್ಯ, ಆದರೆ ಯಾವ ರೋಗಕ್ಕೂ ಅವರದು ಒಂದೇ ಔಷಧಿ, ರೀಸ್ಟಾರ್ಟ್. ಸರ್ವರಿನ ಮೇಲ್ ಸರ್ವಿಸನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಹಳೆಯ ನೆನಪು ಅಳಿಸಿ ಹೊಸ ಪರ್ಮಿಷನ್ ತಕ್ಷಣ ಹತ್ತುತ್ತದೆ, ಅದು ನಿಜ. ಒಮ್ಮೆ ದೊಡ್ಡ ಸಾಹೇಬರ ಸೆಕ್ರೆಟರಿ ಮುಖ ಊದಿಸಿಕೊಂಡಳೆಂದು, ಅವಳೊಬ್ಬಳಿಗಾಗಿ, ಸಿಮೆಂಟ್ ಲೋಡಾಗುವ ಹೊತ್ತಿನಲ್ಲೇ ರಾವ್ ಸರ್ ರೀಸ್ಟಾರ್ಟ್ ಒತ್ತಿದರು. ಸರ್ವಿಸ್ ನಿಂತಿತು, ಮತ್ತೆ ಏಳಲಿಲ್ಲ. ಲಾರಿಗಳ ಡಿಸ್ಪ್ಯಾಚ್ ಆರ್ಡರ್ ಬರುವುದೇ ಈಮೇಲ್‌ನಲ್ಲಿ. ಗೇಟಿನಿಂದ ರಸ್ತೆಯವರೆಗೂ ಲಾರಿ ಸಾಲುಗಟ್ಟಿ ನಿಂತವು. ಡ್ರೈವರುಗಳು ಲಾರಿಯ ನೆರಳಿನಲ್ಲಿ ಸ್ಟೋವ್ ಹಚ್ಚಿ ಅನ್ನಕ್ಕಿಟ್ಟರು. ಒಬ್ಬ ಡ್ರೈವರ್ ನನ್ನ ಕಿಟಕಿಗೆ ಬಂದು, "ಅಮ್ಮಾ, ಸಾರಿಗೆ ಹುಣಸಿಹಣ್ಣು ಸಿಗ್ತದೇನ್ರಿ?" ಎಂದು ಕೇಳಿದ. ಅಂದಿನಿಂದ ಹಗಲಿನಲ್ಲಿ ರೀಸ್ಟಾರ್ಟ್ ಮಾಡಬೇಕಾದರೆ ಜನರಲ್ ಮ್ಯಾನೇಜರ ಸಹಿ ಬೇಕೆಂದು ಆರ್ಡರ್ ಆಯಿತು. ಅಂದರೆ ಇನ್ನು ಮುಂದೆ ಪರ್ಮಿಷನ್ ತಡವಾದರೆ ಕಾಯುವುದೊಂದೇ ದಾರಿ.

ಕಾದು ಕೂತದ್ದರಿಂದಲೇ ಕೆಟ್ಟದ್ದು ಸುನೀತಾಳ ಪ್ರಕರಣದಲ್ಲಿ. ಅದು ನಾನು ನಿವೃತ್ತಳಾಗುವುದಕ್ಕೆ ಸ್ವಲ್ಪ ಮುಂಚೆ ನಡೆದದ್ದು.

ಸುನೀತಾ ತೆಂಗಳಿಯ ಹುಡುಗಿ. ಹಿಂದೆ ಕಾಗಿಣಾ ನದಿಯಲ್ಲಿ ಹರಿಗೋಲು ಹಾಕುತ್ತಿದ್ದ ಮನೆತನ. ಸೇತುವೆಗಳಾದ ಮೇಲೆ ಕೆಲವರು ಹೊಲಕ್ಕೆ, ಕೆಲವರು ಕೂಲಿಗೆ ಹೋದರು. ಆ ಮನೆಯಲ್ಲಿ ಆಫೀಸಿನ ಕುರ್ಚಿ ಏರಿದವಳು ಇವಳೇ ಮೊದಲು. ರಾವೂರದ ಗಣಿ ಕಚೇರಿಯಲ್ಲಿ ಕ್ಲಾರ್ಕ್, ಇನ್ನೂ ಪ್ರೊಬೇಷನ್. ಗಣಿಯಲ್ಲಿ ದಿನಾ ಮಧ್ಯಾಹ್ನ ಸೈರನ್ ಊದಿ, ಮದ್ದಿಟ್ಟು ಕಲ್ಲು ಸಿಡಿಸುವ ಬ್ಲಾಸ್ಟಿಂಗ್ ಆಗುತ್ತಿತ್ತು. ಅದನ್ನು ಮುಂದೂಡಬೇಕೆಂದು ಹೊರಗಿನವರು ಯಾರಾದರೂ ಕೋರಿದರೆ ಆ ಮೇಲ್ ಬ್ಲಾಸ್ಟಿಂಗ್ ಡಬ್ಬಿಗೆ ಬರುತ್ತಿತ್ತು. ಅದನ್ನು ಓದಿ ಫೋರ್‌ಮನ್ನನಿಗೆ ತಿಳಿಸುವುದು ಗಣಿ ಕ್ಲಾರ್ಕಿನ ಕೆಲಸ. ಗಣಿ ವಿಭಾಗದ ಮುಖ್ಯ ಕಚೇರಿ ಸೇಡಂನಲ್ಲಿದ್ದುದರಿಂದ ಆ ಡಬ್ಬಿ ಇದ್ದದ್ದು ಸೇಡಂ ಸರ್ವರಿನಲ್ಲಿ.

ಸುನೀತಾ ಆ ಕುರ್ಚಿಗೆ ಬಂದ ಮೊದಲ ದಿನವೇ ಅದು ನಡೆಯಿತು. ನಾನು ರಜೆಯಲ್ಲಿ ಚಿತ್ತಾಪುರಕ್ಕೆ ತಂಗಿಯ ಮನೆಗೆ ಹೋಗಿದ್ದೆ. ಬೆಳಗ್ಗೆ ವಾಡಿಯ ಹೆಲ್ಪ್‌ಡೆಸ್ಕಿನವರು ಅವಳಿಗೆ ಡಬ್ಬಿಯ ಪರ್ಮಿಷನ್ ಕೊಟ್ಟು, "ಕಂಪ್ಲೀಟೆಡ್" ಎಂದು ಬರೆದು ಮುಗಿಸಿದರು. ಅವಳು ತೆರೆಯಲು ನೋಡಿದಳು, ಆಗಲಿಲ್ಲ. ಫೋನ್ ಮಾಡಿದಳು. "ಕೊಟ್ಟಾಗ್ಯದ, ನಿಮ್ಮ ಕಡೆ ಚೆಕ್ ಮಾಡ್ರಿ" ಎಂದರು. ಮತ್ತೆ ನೋಡಿದಳು, ಮತ್ತೆ ಫೋನ್ ಮಾಡಿದಳು, ಮತ್ತೆ ಅದೇ ಉತ್ತರ. ಅಷ್ಟರಲ್ಲಿ ಆ ಡಬ್ಬಿಗೆ ರಸ್ತೆ ಗುತ್ತಿಗೆದಾರನ ಒಂದು ಈಮೇಲ್ ಬಂದು ಬಿದ್ದಿತ್ತು. ಇಂದು ಗಣಿಯ ಬದುವಿನ ಪಕ್ಕ ನಮ್ಮ ಕೂಲಿಯವರು ಮೋರಿ ಕಟ್ಟುತ್ತಿದ್ದಾರೆ, ದಯವಿಟ್ಟು ಬ್ಲಾಸ್ಟಿಂಗ್ ನಿಲ್ಲಿಸಿ, ಎಂದು. ಯಾರೂ ಓದಲಿಲ್ಲ. ಮಧ್ಯಾಹ್ನ ಸೈರನ್ ಆಯಿತು. ಕೂಲಿಯವರು ಗಾಬರಿಬಿದ್ದು ಓಡಿದರು. ಹಣಮವ್ವ ಎಂಬ ಮುದುಕಿ ಕಲ್ಲಿನ ಮೇಲೆ ಬಿದ್ದು ಕೈ ಮುರಿದುಕೊಂಡಳು. ಸಿಡಿದು ಬಂದ ಕಲ್ಲೊಂದು ರಸ್ತೆ ರೋಲರಿನ ಮುಂಭಾಗ ಜಜ್ಜಿತು. ಜೀವ ಹೋಗಲಿಲ್ಲ ಎಂಬುದೇ ಪುಣ್ಯ.

ನಾನು ಮರಳಿ ಬರುವಷ್ಟರಲ್ಲಿ ಸುನೀತಾಳನ್ನು ಮನೆಗೆ ಕಳಿಸಿಯಾಗಿತ್ತು. ಪರ್ಮಿಷನ್ ಇದ್ದೂ ಮೇಲ್ ಓದಲಿಲ್ಲ, ಆಮೇಲೆ ಡಬ್ಬಿ ತೆರೆಯಲೇ ಇಲ್ಲವೆಂದು ಸುಳ್ಳು ಹೇಳಿದಳು, ಎಂದು ಆರೋಪ. ಪ್ರೊಬೇಷನ್ನಿನಲ್ಲೇ ಕೆಲಸ ಹೋಗುವ ಲಕ್ಷಣ. ಅದಕ್ಕಿಂತ ಹೆಚ್ಚಾಗಿ, ಮುದುಕಿಯ ಕೈ ಮುರಿಸಿದವಳು ಎಂಬ ಹೆಸರು ರಾವೂರದಿಂದ ತೆಂಗಳಿಯವರೆಗೂ ಹಬ್ಬಿತ್ತು.

ಅವಳ ಕೇಸು ಕೈಗೆತ್ತಿಕೊಳ್ಳುತ್ತೇನೆ ಎಂದಾಗ ರಾವ್ ಸರ್ ಕೈ ಮುಗಿದರು. "ನಿಮಗ ರಿಟೈರ್‌ಮೆಂಟ್ ಬಂದದ ಮೇಡಂ. ಆಕಿ ಖರೇ ಅಂತ ಸಾಬೀತಾದ್ರ ತಪ್ಪು ನಮ್ಮ ಡಿಪಾರ್ಟ್‌ಮೆಂಟ್ ಮ್ಯಾಲೆ ಬರ್ತದ. ಗೊತ್ತದಲ್ಲ?"

"ಗೊತ್ತದ ಸರ್. ಬರಬೇಕಾದ ಕಡೆನೇ ಬರ್ತದ, ಬರ್ಲಿ ಬಿಡ್ರಿ" ಎಂದೆ.

ಸೇಡಂ ಕಚೇರಿಯಲ್ಲಿ ವಿಚಾರಣೆ. ನಡೆಸುವವರು ಸಿಬ್ಬಂದಿ ವಿಭಾಗದ ಪರ್ಸೊನೆಲ್ ಆಫೀಸರ್ ದೇಶಮುಖ ಸಾಹೇಬರು. ಕಟ್ಟುನಿಟ್ಟು, ಆದರೆ ಕಿವಿ ಇರುವ ಮನುಷ್ಯ.

"ನೋಡ್ರಿ ಮೇಡಂ, ಬೆಳಗ್ಗೆ ಕೊಟ್ಟೀವಿ ಅಂತ ಮಶೀನ್ ಹೇಳ್ತದ. ಮಧ್ಯಾಹ್ನದ ತನಕ ತೆರೀಲಿಲ್ಲ ಅಂತ ಹುಡುಗಿ ಹೇಳ್ತಾಳ. ಇಬ್ರೂ ಖರೇ ಇರ್ಲಿಕ್ಕೆ ಹ್ಯಾಂಗ ಸಾಧ್ಯ?"

"ಇಬ್ಬರೂ ಖರೇನೇ ಹೇಳಿದ್ದಾರೆ ಸರ್. ನಿಮ್ಮ ಕಣ್ಣೆದುರಿಗೇ ತೋರಿಸ್ತೀನಿ. ಆ ಡಬ್ಬಿ ನೋಡೋ ಪರ್ಮಿಷನ್ ನಿಮಗಿಲ್ಲ, ಹೌದಲ್ಲ? ಈಗ ಕೊಡ್ತೀನಿ. ಕೂಡಲೇ ತೆರೆಯುತ್ತದೋ ಇಲ್ಲವೋ ನೀವೇ ನೋಡಿ."

ಸೇಡಂ ಸರ್ವರಿನಲ್ಲಿಯೇ ಕೂತು ಪರ್ಮಿಷನ್ ಕೊಟ್ಟೆ. ದೇಶಮುಖರು ಕನ್ನಡಕ ಏರಿಸಿಕೊಂಡು ಕ್ಲಿಕ್ ಮಾಡಿದರು. ಡಬ್ಬಿ ಒಮ್ಮೆಗೇ ತೆರೆಯಿತು. ಗುತ್ತಿಗೆದಾರನ ಆ ಈಮೇಲೇ ಎದುರಿಗೆ ಬಂತು.

"ತೆರೀತಲ್ರಿ?" ಎಂದರು. ಕುಹಕವಿರಲಿಲ್ಲ, ಬೇಸರವಿತ್ತು. ಐ ಫೆಲ್ಟ್ ದ ಫ್ಲೋರ್ ಗೋ, ಎಂದು ಇಂಗ್ಲಿಷಿನಲ್ಲೇ ಹೇಳಬೇಕು. ನೆಲ ಕುಸಿಯಿತು. ಹುಡುಗಿಯನ್ನು ಉಳಿಸಲು ಹೋಗಿ ಅವಳ ವಿರುದ್ಧವೇ ಸಾಕ್ಷಿ ಕೊಟ್ಟ ಹಾಗಾಯಿತು.

ಹೊರಗೆ ಬೆಂಚಿನ ಮೇಲೆ ಸುನೀತಾ ಕೂತಿದ್ದಳು. ನನ್ನ ಮುಖ ನೋಡಿ ಎದ್ದು ನಿಂತಳು.

"ಅವ್ರಿಗೆ ತೆರೀತೇನ್ರಿ?"

"ಹೂಂ. ಕೂಡಲೇ."

"ನಂಗ ತೆರೀಲಿಲ್ರಿ ಮೇಡಂ. ನಮ್ಮವ್ವನ ಆಣಿ."

"ಆಣೆ ಬ್ಯಾಡ. ನೀ ಖರೇ ಹೇಳಿದ್ದೀ ಅಂತ ನಂಗ ಗೊತ್ತದ. ಹ್ಯಾಂಗ ಅಂತ ಗೊತ್ತಿಲ್ಲ, ಅಷ್ಟೇ."

"ನಿಮಗೇ ಗೊತ್ತಿಲ್ದಿದ್ರ ಮತ್ತ ಯಾರಿಗೆ ಗೊತ್ತಿರ್ತದ್ರಿ?" ಎಂದಳು. ಸಿಟ್ಟಿನಿಂದಲೇ ಅಂದಳು. ಸಿಟ್ಟು ಬರುವುದು ನ್ಯಾಯವೇ ಆಗಿತ್ತು.

ನೀರು ಕುಡಿಯಲೆಂದು ಪಕ್ಕದ ಗಣಿ ವಿಭಾಗಕ್ಕೆ ಹೋದೆ. ಅಲ್ಲಿನ ಹೆಡ್ ಕ್ಲಾರ್ಕ್ ಶರಣಪ್ಪನವರು ಹಣೆಯ ತುಂಬ ವಿಭೂತಿ ಇಟ್ಟುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. ಟೇಬಲ್ಲುಗಳೆಲ್ಲ ಥಳಥಳ. ಕಂಪ್ಯೂಟರುಗಳೆಲ್ಲ ಕಪ್ಪಾಗಿ ಮಲಗಿದ್ದವು.

"ಏನ್ರಿ ಶರಣಪ್ಪನವರೇ, ಇವತ್ತು ಕೆಲಸ ಇಲ್ಲೇನು?"

"ವಿಚಾರಣೆ ಸಾಹೇಬ್ರು ಬರ್ತಾರಂತ ನಿನ್ನೆ ಸಂಜಿಗೇ ಎಲ್ಲಾ ಬಂದ್ ಮಾಡ್ಸಿ, ಒರಸಿ ಇಟ್ಟೀವ್ರಿ ಮೇಡಂ. ಸ್ವಚ್ಛ ಕಾಣ್ಬೇಕಲ್ಲ? ಇಲ್ಲಂದ್ರ ನಮ್ಮಲ್ಲಿ ಡಬ್ಬಿ ಮುಚ್ಚೋ ಪದ್ಧತೇ ಇಲ್ಲ."

ಲೋಟ ಕೈಯಲ್ಲೇ ನಿಂತಿತು. "ಮುಚ್ಚೋ ಪದ್ಧತಿ ಇಲ್ಲ ಅಂದ್ರೆ?"

"ನಾವೆಲ್ಲ ಭಟ್ಟಿಯಿಂದ ಬಂದವ್ರಲ್ರಿ" ಎಂದರು ಶರಣಪ್ಪ.

ಸಿಮೆಂಟ್ ಕಾರ್ಖಾನೆಯ ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಸುಣ್ಣದಕಲ್ಲು ಸುಡುವ ಭಟ್ಟಿ ಆರಬಾರದು. ಆರಿದರೆ ಒಳಗಿನ ಇಟ್ಟಿಗೆ ಬಿರಿಯುತ್ತದೆ, ಮತ್ತೆ ಕಾಯಿಸಲು ದಿನಗಟ್ಟಲೆ ಬೇಕು. ಪಾಳಿ ಮುಗಿಸಿದವನು, ಹೊಸ ಪಾಳಿಯವನು ಬಂದು ಉರಿ ನೋಡಿ, "ಹೂಂ" ಎನ್ನುವ ತನಕ ಜಾಗ ಬಿಡುವುದಿಲ್ಲ. ಉರಿಯುತ್ತಿರುವಂತೆಯೇ ಕೈಯಿಂದ ಕೈಗೆ ಒಪ್ಪಿಸುವುದು ಭಟ್ಟಿಯವರ ಶಿಸ್ತು. ವಯಸ್ಸಾದ ಮೇಲೆ ಆಫೀಸಿಗೆ ಬಂದ ಭಟ್ಟಿಯವರು ಅದೇ ಶಿಸ್ತನ್ನು ಕಂಪ್ಯೂಟರಿಗೂ ಹಾಕಿದ್ದರು. ಬ್ಲಾಸ್ಟಿಂಗ್ ಡಬ್ಬಿ ಅವರ ಮೂರು ಟೇಬಲ್ಲಿನಲ್ಲೂ ಹಗಲೂ ಇರುಳೂ ತೆರೆದೇ ಇರುತ್ತಿತ್ತು. ಪಾಳಿ ಬದಲಾದರೂ ಮುಚ್ಚುತ್ತಿರಲಿಲ್ಲ. ಹೊಸದಾಗಿ ಬಂದವರು ಮುಚ್ಚಿದರೆ, "ಭಟ್ಟಿ ಆರಿಸ್ತೀ ಏನಲೇ?" ಎಂದು ಬೈಯುತ್ತಿದ್ದರು.

ಸರ್ವರಿನ ಮಟ್ಟಿಗೆ ಇದರ ಅರ್ಥ ಏನು? ಡಬ್ಬಿಯನ್ನು ಎಲ್ಲರೂ ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಸರ್ವರ್ ಅದರ ಹಳೆಯ ಪಟ್ಟಿಯನ್ನು ನೆನಪಿನಿಂದ ಇಳಿಸಿಬಿಡುತ್ತದೆ. ಮುಂದೆ ಯಾರಾದರೂ ಬಂದರೆ ಹೊಸದಾಗಿ ಪಟ್ಟಿ ತೆಗೆದು ನೋಡುತ್ತದೆ. ಯಾರೋ ಒಬ್ಬರು ತೆರೆದಿಟ್ಟುಕೊಂಡೇ ಇದ್ದರೆ ಹಳೆಯ ಪಟ್ಟಿ ಗಟ್ಟಿಯಾಗಿ ಕೂರುತ್ತದೆ, ತನ್ನ ಗಡುವು ತೀರುವವರೆಗೂ ಕದಲುವುದಿಲ್ಲ. ಆ ದಿನ ವಾಡಿಯಿಂದ ಸುದ್ದಿ ಬರುವುದೂ ತಡ, ಬಂದ ಮೇಲೆ ಹಳೆಯ ಪಟ್ಟಿ ಇಳಿಯುವುದೂ ತಡ. ಇಂದು ನಾನು ಸೇಡಂನಲ್ಲಿಯೇ ಕೂತು ಪರ್ಮಿಷನ್ ಕೊಟ್ಟೆ, ಇವರು ನಿನ್ನೆಯೇ ಎಲ್ಲ ಮುಚ್ಚಿಟ್ಟಿದ್ದರು. ತೆರೆಯದೆ ಏನಾದೀತು? ಅಷ್ಟು ವರ್ಷ ಸರ್ವರಿನ ಮೂಡು ಎಂದುಕೊಂಡಿದ್ದೆನಲ್ಲ, ಅದಕ್ಕೆ ಕಾರಣ ಈ ಮೂರು ಟೇಬಲ್ಲುಗಳ ಮೇಲೆ ಇತ್ತು.

"ಶರಣಪ್ಪನವರೇ, ಡಬ್ಬಿ ಯಾವಾಗಲೂ ನಿಮ್ಮ ಮುಂದೆ ತೆರೆದೇ ಇರ್ತದಲ್ಲ. ನೋಡ್ತಿರ್ತೀರೇನು?"

"ನೋಡೂದ್ಯಾಕ್ರಿ? ತೆರದಿರ್ತದಲ್ಲ."

"ಆ ದಿನ ಗುತ್ತಿಗೆದಾರನ ಮೇಲ್ ಬಂತಲ್ಲ?"

ಶರಣಪ್ಪ ಟೇಬಲ್ಲಿನ ಮೇಲೆ ಇಲ್ಲದ ಧೂಳನ್ನು ಒರೆಸಿದರು. "ರಾವೂರದ್ದು ರಾವೂರದವ್ರು ನೋಡ್ತಾರಂತ ಬಿಟ್ಟೀವ್ರಿ. ಮೂರೂ ಮಂದಿ ಹಂಗೇ ಅನಕೊಂಡೀವಿ."

ನಾನು ಅವರ ಮೇಲೆ ರೇಗಲಿಲ್ಲ. ಅವರನ್ನು ಕರೆದುಕೊಂಡೇ ದೇಶಮುಖರ ಕೋಣೆಗೆ ಹೋದೆ. ಇನ್ನೊಮ್ಮೆ ಪರೀಕ್ಷೆ ಆಗಬೇಕು ಎಂದೆ.

"ಒಮ್ಮೆ ನೋಡ್ಯಾತಲ್ರಿ ಮೇಡಂ. ನಿಮಗ ಬೇಕಾದ ಉತ್ತರ ಬರೂ ತನಕ ಮಾಡ್ತೀರೇನು?"

"ಆ ದಿನ ಏನಾಯಿತು ಅಂತ ನೋಡಬೇಕು ಸರ್. ಇವತ್ತು ನಾವು ಒರಸಿಟ್ಟ ದಿನ ನೋಡಿದ್ದೇವೆ. ಡಬ್ಬಿಯನ್ನು ಇವರು ಯಾವಾಗಿನ ಹಾಗೆ ತೆರೆದಿಡಲಿ. ಪರ್ಮಿಷನ್ ವಾಡಿಯಿಂದಲೇ ಕೊಡಲಿ. ನೀವು ಸೇಡಂನಲ್ಲಿ ಅಲ್ಲ, ರಾವೂರದಲ್ಲಿ ಆಕೆಯ ಕುರ್ಚಿಯಲ್ಲಿ ಕೂತು ನೋಡಿ. ಆಗಲೂ ತೆರೆದರೆ ನಾನು ಮತ್ತೆ ಬಾಯಿ ತೆರೆಯುವುದಿಲ್ಲ."

ಕೊನೆಯ ಮಾತು ಹೇಳಿದ್ದೇನೋ ಹೇಳಿದೆ, ಒಳಗೆ ಭಯವಿತ್ತು. ನಾನು ಕಂಡುಕೊಂಡದ್ದು ತಪ್ಪಾಗಿದ್ದರೆ ಸುನೀತಾಳ ಕೊನೆಯ ಬಾಗಿಲನ್ನು ನಾನೇ ಮುಚ್ಚಿದ ಹಾಗೆ. ದೇಶಮುಖರು ಶರಣಪ್ಪನವರನ್ನು ನೋಡಿದರು. "ಏನ್ರಿ, ತೆರದಿಡೂದು ಖರೇ ಏನು?" ಶರಣಪ್ಪ ತಲೆ ತಗ್ಗಿಸಿ, "ಖರೇರಿ. ಭಟ್ಟಿ ಪದ್ಧತಿ" ಎಂದರು. ಆ ಮಾತಿಗೆ ಧೈರ್ಯ ಬೇಕಿತ್ತು. ಅದನ್ನು ನಾನು ಮರೆತಿಲ್ಲ.

ಸೇಡಂನವರು ದೇಶಮುಖರ ಹೆಸರನ್ನು ಪಟ್ಟಿಯಿಂದ ತೆಗೆದರು, ಡಬ್ಬಿಯನ್ನು ಮತ್ತೆ ಮೂರೂ ಟೇಬಲ್ಲಿನಲ್ಲಿ ತೆರೆದಿಟ್ಟರು. ಕೆಲವು ದಿನ ಬಿಟ್ಟು ನಾವು ರಾವೂರಕ್ಕೆ ಹೋದೆವು. ಗಣಿ ಕಚೇರಿ ಎಂದರೆ ತಗಡಿನ ಮಾಡಿನ ಒಂದು ಕೋಣೆ. ಕಿಟಕಿ, ಕುರ್ಚಿ, ಕೀಬೋರ್ಡು, ಎಲ್ಲದರ ಮೇಲೂ ಬಿಳಿ ಹುಡಿ. ಸುನೀತಾಳನ್ನೂ ಕರೆಸಿದ್ದರು. ಬೆಳಗ್ಗೆ ವಾಡಿಯವರು ಪರ್ಮಿಷನ್ ಕೊಟ್ಟು ಫೋನ್ ಮಾಡಿದರು. "ಕಂಪ್ಲೀಟೆಡ್ ಸರ್."

ದೇಶಮುಖರು ಕ್ಲಿಕ್ ಮಾಡಿದರು. ತೆರೆಯಲಿಲ್ಲ.

ಚಹಾ ಬಂತು. ಕುಡಿದು ಮತ್ತೆ ಕ್ಲಿಕ್ ಮಾಡಿದರು. ತೆರೆಯಲಿಲ್ಲ. ಹೆಲ್ಪ್‌ಡೆಸ್ಕಿಗೆ ತಾವೇ ಫೋನ್ ಹಚ್ಚಿದರು. ಆ ಕಡೆಯ ಧ್ವನಿ ನನಗೂ ಕೇಳಿಸುತ್ತಿತ್ತು. "ಕೊಟ್ಟಾಗ್ಯದ ಸರ್, ನಿಮ್ಮ ಕಡೆ ಚೆಕ್ ಮಾಡ್ರಿ."

"ನನ್ನ ಕಡೆ ಏನಂತ ಚೆಕ್ ಮಾಡ್ಲೋ ಮಾರಾಯ?" ಎಂದು ಫೋನಿಟ್ಟರು.

ಸುನೀತಾ ಮೂಲೆಯಲ್ಲಿ ನಿಂತಿದ್ದವಳು ಮೆಲ್ಲಗೆ ಕೇಳಿದಳು, "ಪಾಸ್‌ವರ್ಡ್ ತಪ್ಪ ಹೊಡದೀರೇನ್ರಿ ಸಾಹೇಬ್ರ? ನಂಗ ಹಂಗೇ ಕೇಳಿದ್ರು."

ದೇಶಮುಖರು ತಿರುಗಿ ಅವಳನ್ನು ನೋಡಿದರು, ಮತ್ತೆ ಸ್ಕ್ರೀನಿಗೆ ತಿರುಗಿದರು. ಆಮೇಲೆ ಅವರು ಮಾಡಿದ್ದು ಅವಳು ಮಾಡಿದ್ದನ್ನೇ. ಬಿಟ್ಟೂಬಿಡದೆ ಕ್ಲಿಕ್ ಮಾಡಿದರು, ಬೆವರು ಒರೆಸಿಕೊಂಡರು, ಗೋಡೆಯ ಗಡಿಯಾರ ನೋಡಿದರು. ಊಟದ ಡಬ್ಬಿ ಬಂದರೂ ಬಿಚ್ಚಲಿಲ್ಲ. ಮಧ್ಯಾಹ್ನ ಆಯಿತು. ಹೊರಗೆ ಸೈರನ್ ಕೂಗಿತು, ಉದ್ದಕ್ಕೆ, ಕಿವಿ ಕೊರೆಯುವಂತೆ. ದೇಶಮುಖರು ಬೆಚ್ಚಿ ಕುರ್ಚಿಯಿಂದ ಎದ್ದು ನಿಂತರು. ಡಬ್ಬಿ ಇನ್ನೂ ತೆರೆದಿರಲಿಲ್ಲ. ನೆಲ ಅದುರಿತು, ತಗಡಿನ ಮೇಲೆ ಹುಡಿ ಸುರಿಯಿತು. ಅವರು ಸ್ಕ್ರೀನಿನ ಮುಂದೆ ಹಾಗೇ ನಿಂತಿದ್ದರು. ಆಮೇಲೆ ಬಹಳ ಹೊತ್ತಿನ ನಂತರ, ಯಾರೂ ಏನೂ ಮಾಡದೆ, ಡಬ್ಬಿ ತೆರೆಯಿತು.

"ಈಗ ತೆರದು ಏನ್ ಮಾಡ್ಲಿ" ಎಂದರು ದೇಶಮುಖರು. ನಮಗಲ್ಲ, ತಮಗೇ ಹೇಳಿಕೊಂಡರು.

ಆಮೇಲೆ ಕೆಲಸದ ಪದ್ಧತಿ ಬದಲಾಯಿತು. ಕುರ್ಚಿ ಬದಲಾಗುವುದಿದ್ದರೆ ಹಿಂದಿನ ದಿನವೇ ಪರ್ಮಿಷನ್ ಕೊಡುವುದು. ಡಬ್ಬಿಯನ್ನು ಸಂಜೆ ಎಲ್ಲರೂ ಮುಚ್ಚುವುದು. ಆ ಕಡೆಯವರು, "ತೆರೀತು" ಎಂದು ಬಾಯಿಬಿಟ್ಟು ಹೇಳುವ ತನಕ "ಕಂಪ್ಲೀಟೆಡ್" ಎಂದು ಬರೆಯಬಾರದು. ಜನರ ಜೀವದ ವಿಷಯ ಈಮೇಲ್‌ನಲ್ಲಿ ಬಂದರೂ ಫೋನಿನಲ್ಲೂ ಹೇಳಲೇಬೇಕು. ಈಗ ನಿಮ್ಮ ಡಬ್ಬಿಗಳೆಲ್ಲ ಕ್ಲೌಡಿಗೆ ಹೋಗಿವೆ ಎನ್ನುತ್ತೀರಿ. ಹೋಗಲಿ. ಅಲ್ಲಿಯೂ ತಡ ಇದ್ದೇ ಇದೆ, ಅಲ್ಲಿಯೂ ಯಾರೋ ಬಾಗಿಲ ಹೊರಗೆ ನಿಂತಿರುತ್ತಾರೆ. ತೆರೆಯುತ್ತಿಲ್ಲ ಎಂದು ಒಬ್ಬರು ಹೇಳಿದರೆ ಮೊದಲು ನಂಬಿ, ಆಮೇಲೆ ಕಾರಣ ಹುಡುಕಿ.

ಸುನೀತಾಳ ಆರ್ಡರ್ ಟೈಪಾಗಿ ಬಂದ ದಿನ ನಾನೂ ಸೇಡಂನಲ್ಲಿದ್ದೆ. ಸಂಶಯದ ಲಾಭ ನೀಡಿ ಕೆಲಸಕ್ಕೆ ಮರಳಿ ತೆಗೆದುಕೊಳ್ಳಲಾಗಿದೆ, ಎಂದಿತ್ತು. ಅವಳು ನಿಧಾನವಾಗಿ ಓದಿದಳು. ಪೆನ್ನು ಮುಟ್ಟಲಿಲ್ಲ.

"ನೌಕರಿ ಉಳೀತಲ್ಲ ತಂಗಿ, ಸೈನ್ ಮಾಡು" ಎಂದರು ದೇಶಮುಖರು.

"ಉಳೀತ್ರಿ. ಆದ್ರ ಇದ್ರಾಗ ಸಂಶಯ ಅಂತ ಬರದೀರಿ. ನನ್ನ ಮ್ಯಾಲೆ ನಿಮಗಿನ್ನೂ ಸಂಶಯ ಅದ ಏನ್ರಿ?"

"ಇಲ್ಲ."

"ಮೇಡಮ್ಮೋರಿಗೆ?"

"ಇಲ್ಲ" ಎಂದೆ.

"ಮತ್ತ ಇದು ಯಾರ ಸಂಶಯ್ರಿ?"

ದೇಶಮುಖರು ಕಾಗದ ಎಳೆದುಕೊಂಡರು. ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ, ಅದರ ಮೇಲೆ ಕೈಬರಹದಲ್ಲೇ ಬರೆದರು, 'ಈಕೆ ಹೇಳಿದ್ದು ನಿಜವೆಂದು ಕಂಡುಬಂದಿದೆ.' ಸಹಿ ಹಾಕಿ ಕೊಟ್ಟರು. ಆಗ ಅವಳೂ ಸಹಿ ಮಾಡಿದಳು. "ಇದರದ್ದು ಇನ್ನೊಂದು ಪ್ರತಿ ಕೊಡ್ರಿ" ಎಂದಳು.

"ಯಾರಿಗೆ?"

"ಹಣಮವ್ವಗ ಓದಿ ಹೇಳ್ಬೇಕ್ರಿ. ನಾ ನೋಡ್ಲಿಕ್ಕೆ ದವಾಖಾನಿಗೆ ಹೋದಾಗ ಮುಖ ತಿರುವಿದ್ಳ್ರಿ."

ಅವಳ ಜೊತೆ ನಾನೂ ಹೋದೆ. ಹಣಮವ್ವ ಮನೆಯ ಮುಂದೆ ಹೊರಸಿನ ಮೇಲೆ ಕೂತಿದ್ದಳು, ಬಲಗೈಗೆ ಪ್ಲಾಸ್ಟರ್, ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಆ ಕೈ ತೂಗುತ್ತಿತ್ತು. ಸುನೀತಾ ನಿಂತುಕೊಂಡೇ ಕಾಗದ ಓದಿದಳು. ಮುದುಕಿ ಪೂರ್ತಿ ಕೇಳಿದಳು.

"ಅಂದ್ರ ನೀ ಸುಳ್ಳ ಹೇಳಿಲ್ಲ."

"ಇಲ್ಲವ್ವ."

"ಮತ್ತ ನನ್ನ ಕೈ ಯಾರು ಮುರಿದ್ರು?"

ಸುನೀತಾ ನನ್ನ ಕಡೆ ನೋಡಿದಳು. ಸರ್ವರ್, ಪಟ್ಟಿ, ಭಟ್ಟಿ ಪದ್ಧತಿ ಎಂದೆಲ್ಲ ಹೇಳಬಹುದಿತ್ತು. ಆ ಅಂಗಳದಲ್ಲಿ ಅವು ಯಾವುವೂ ಬಾಯಿಗೆ ಬರಲಿಲ್ಲ.

"ನಿಮ್ಮ ಗುತ್ತಿಗೆದಾರ ಬರೆದು ಕಳಿಸಿದ್ದ ಅವ್ವ, ಬ್ಲಾಸ್ಟ್ ಮಾಡಬ್ಯಾಡ್ರಿ ಅಂತ. ಅದು ನಮ್ಮ ಕಡೆ ಬಂದಿತ್ತು. ತೆರದಿಟ್ಕೊಂಡು ಕುಂತವ್ರು ಓದಲಿಲ್ಲ. ಓದ್ತೀನಿ ಅಂದಾಕಿಗೆ ನಾವು ಒಳಗ ಬಿಡಲಿಲ್ಲ."

ಹಣಮವ್ವ ಎಡಗೈಯಿಂದ ಹೊರಸಿನ ಮೇಲಿದ್ದ ಕೌದಿಯನ್ನು ಸರಿಸಿ, ಸುನೀತಾಳಿಗೆ ಜಾಗ ಮಾಡಿದಳು.

"ನೀ ಕುಂದ್ರು" ಎಂದಳು.

ನಾನು ನಿಂತೇ ಇದ್ದೆ.